ರೂಟರ್ ಬದಲಾದ ಮೇಲೆ ಮೌನವಾಗುವ ದೂರವಾಣಿ

ಕಚೇರಿಯ ರೂಟರನ್ನು ಬದಲಾಯಿಸಿದ ಬಳಿಕ ಅಂತರಜಾಲ ದೂರವಾಣಿಯಲ್ಲಿ ಹೊರಹೋಗುವ ಕರೆಗಳು ಸರಾಗವಾಗಿದ್ದು, ಒಳಬರುವ ಕರೆಗಳು ಮಾತ್ರ ನಿಂತುಹೋಗುವುದುಂಟು. ಈ ದೋಷ ಸುಲಭವಾಗಿ ಗಮನಕ್ಕೆ ಬಾರದು. ವ್ಯಾಪಾರ ಮಂದವಾಗಿದೆಯೆಂದೇ ವರ್ತಕರು ಭಾವಿಸುತ್ತಾರೆ. ಅಷ್ಟರಲ್ಲಿ ಬೇಡಿಕೆ ಬೇರೆ ಅಂಗಡಿಗೆ ಹೋಗಿರುತ್ತದೆ.

ದೂರವಾಣಿಯು ಸೇವಾದಾರರ ಸರ್ವರ್‌ನಲ್ಲಿ ನೋಂದಾಯಿಸಿಕೊಂಡಾಗ ರೂಟರ್ ಒಂದು ತಾತ್ಕಾಲಿಕ ದಾರಿಯನ್ನು ತೆರೆಯುತ್ತದೆ, ಸಂಚಾರವಿಲ್ಲದಿದ್ದರೆ ಮುಚ್ಚುತ್ತದೆ. ನೋಂದಣಿಯು ಗಂಟೆಗೊಮ್ಮೆ ನವೀಕರಣಗೊಳ್ಳುವುದೆಂದೂ, ದಾರಿಯು 60 ಸೆಕೆಂಡಿನಲ್ಲಿ ಮುಚ್ಚುವುದೆಂದೂ ಇಟ್ಟುಕೊಂಡರೆ, ಉಳಿದ 59 ನಿಮಿಷ ಹೊರಗಿನ ಕರೆ ಬಾಗಿಲಲ್ಲೇ ನಿಲ್ಲುತ್ತದೆ. ಇಲ್ಲಿಂದ ಕರೆಮಾಡಿದ ಕೂಡಲೇ ದಾರಿ ಮತ್ತೆ ತೆರೆಯುವುದರಿಂದ, ಪರೀಕ್ಷಿಸಿದಾಗಲೆಲ್ಲ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಆದುದರಿಂದ ಹತ್ತು ನಿಮಿಷ ಸುಮ್ಮನೆ ಬಿಟ್ಟು, ಬಳಿಕ ಮೊಬೈಲಿನಿಂದ ಕರೆಮಾಡಿ ನೋಡಬೇಕು.

30 ಸೆಕೆಂಡಿಗೊಮ್ಮೆ ‘ಕೀಪ್ ಅಲೈವ್’ ಸಂದೇಶ ಹೋಗುವಂತೆ ದೂರವಾಣಿಯನ್ನು ಹೊಂದಿಸುವುದು ಮೊದಲ ಪರಿಹಾರ. ಅದರಿಂದಲೂ ಸರಿಹೋಗದಿದ್ದರೆ ರೂಟರಿನ ‘ಎಸ್‌ಐಪಿ ಎಎಲ್‌ಜಿ’ ಸೌಲಭ್ಯವನ್ನು ನಿಲ್ಲಿಸಬೇಕು. ನೆರವಿಗೆಂದು ಇಟ್ಟ ಇದು ಸಂದೇಶದೊಳಗಿನ ವಿಳಾಸವನ್ನು ತಿದ್ದಿ ಕೆಡಿಸುವುದೇ ಹೆಚ್ಚು.

ಕೆಲವು ತಂತ್ರಜ್ಞರು 5060ನೆಯ ಪೋರ್ಟನ್ನು ಇಡೀ ಅಂತರಜಾಲಕ್ಕೆ ತೆರೆದಿಡುತ್ತಾರೆ. ಇದು ಒಪ್ಪತಕ್ಕ ಕ್ರಮವಲ್ಲ. ಕಚೇರಿಯ ಪಿಬಿಎಕ್ಸ್‌ನ ಗುಪ್ತಪದ ದುರ್ಬಲವಾಗಿದ್ದಲ್ಲಿ ವಂಚಕರು ಅದೇ ದಾರಿಯಿಂದ ನುಸುಳಿ ವಿದೇಶಗಳಿಗೆ ಕರೆಮಾಡುತ್ತಾರೆ. ಬಿಲ್ಲು ಸಂಸ್ಥೆಯ ಖಾತೆಗೆ ಬೀಳುತ್ತದೆ. ಅನಿವಾರ್ಯವಾದರೆ ಸೇವಾದಾರರ ವಿಳಾಸಕ್ಕೆ ಮಾತ್ರ ತೆರೆದು, ವಿದೇಶಿ ಕರೆಗಳಿಗೆ ಮಿತಿ ಹಾಕಿಸಬೇಕು.