ತಾಯಿಯಂತೆ ಮರಿ: ಮೀನು ಸಾಕಣೆಯಲ್ಲಿ ತಳಿಯ ಮಾತು

ಕೃಷಿ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಮಂಡ್ಯದ ಕಡೆ ಹೋಗಿದ್ದೆವು. ಕೆಲಸ ಮುಗಿಸಿ ಸಾಮಾನು ಕಟ್ಟುತ್ತಿದ್ದಾಗ ಹಿರಿಯ ರೈತರೊಬ್ಬರು ನನ್ನ ಬಳಿ ಬಂದರು. "ಸ್ವಾಮಿ, ಒಂದು ವಿಷಯ ಕೇಳ್ಬೇಕಿತ್ತು. ಮೊದಲು ಇದೇ ಹೊಂಡದಲ್ಲಿ ರೋಹು ವರ್ಷಕ್ಕೆ ಮುಕ್ಕಾಲು ಕೆ.ಜಿ. ಬರ್ತಿತ್ತು. ಈಗ ಅರ್ಧ ಕೆ.ಜಿ. ದಾಟೋದೇ ಕಷ್ಟ. ನೀರು ಅದೇ, ಹಿಂಡಿ ತವುಡು ಅದೇ, ಗೊಬ್ಬರಾನೂ ಅದೇ. ನನ್ನಿಂದ ಏನು ತಪ್ಪಾಗ್ತಿದೆ?" ಎಂದರು.

ಹೊಂಡದಲ್ಲಿ ಹೂಳು ತುಂಬಿದ್ದರೆ, ಮರಿಗಳನ್ನು ಒತ್ತಾಗಿ ಬಿಟ್ಟಿದ್ದರೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೀನು ಬೆಳೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಇವೆಲ್ಲ ಸರಿಯಿದ್ದರೂ ಬೆಳವಣಿಗೆ ಕುಂಠಿತವಾಗಬಹುದು. ಅದಕ್ಕೆ ಕಾರಣ ಹೊಂಡದಲ್ಲಿ ಇರುವುದಿಲ್ಲ, ಮರಿಯ ಹೆತ್ತವರಲ್ಲಿ ಇರುತ್ತದೆ. ಹಸು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸುವ ನಾವು, ಮೀನುಮರಿ ಕೊಳ್ಳುವಾಗ ಸಾವಿರಕ್ಕೆ ಎಷ್ಟು ಬೆಲೆ ಎಂದಷ್ಟೇ ಕೇಳುತ್ತೇವೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಮೀನಿಗೂ ಅನ್ವಯಿಸುತ್ತದೆ.

ನದಿಯಿಂದ ಹ್ಯಾಚರಿಗೆ

ರೋಹು ಮೂಲತಃ ನಮ್ಮ ಕಾವೇರಿಯ ಮೀನಲ್ಲ. ಅದು ಉತ್ತರದ ನದಿಗಳಿಂದ ಬಂದದ್ದು. ರೋಹು, ಕಾಟ್ಲಾ, ಮೃಗಾಲ್ ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆ, ನಿಂತ ನೀರಿನ ಕೊಳದಲ್ಲಿ ತಾವಾಗಿಯೇ ಇಡುವುದಿಲ್ಲ. ಆದ್ದರಿಂದ ಹಿಂದೆ ಮರಿಗಳಿಗಾಗಿ ನದಿಯನ್ನೇ ನಂಬಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ. ಎಚ್. ಅಲಿಕುನ್ಹಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು, ಕೊಳದ ಗೆಂಡೆ ಮೀನುಗಳಿಂದ ಮೊಟ್ಟೆ ಪಡೆಯುವುದರಲ್ಲಿ ಯಶಸ್ವಿಯಾದರು. ಇಂದು ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ.

ಅಲ್ಲಿಂದ ಮುಂದೆ ಬೇಕೆಂದಾಗ ಮರಿ ಸಿಗುವಂತಾಯಿತು. ನದಿಯಲ್ಲಾದರೆ ಸಾವಿರಾರು ಹೆಣ್ಣು ಗಂಡುಗಳು ಬೆರೆಯುತ್ತವೆ. ಹ್ಯಾಚರಿಯಲ್ಲಿ ಯಾವುದು ಯಾವುದರೊಡನೆ ಕೂಡಬೇಕೆಂದು ತೀರ್ಮಾನಿಸುವವನು ಮನುಷ್ಯ. ತಳಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಲಕ್ಷ ಮೊಟ್ಟೆಯ ಅಪಾಯ

ಹಸು ಒಂದು ಸಲಕ್ಕೆ ಒಂದು ಕರು ಹಾಕುತ್ತದೆ. ಒಂದು ಕೆ.ಜಿ. ತೂಕದ ಹೆಣ್ಣು ರೋಹು ಸುಮಾರು ಎರಡು ಲಕ್ಷ ಮೊಟ್ಟೆ ಇಡಬಲ್ಲದು. ಹತ್ತಾರು ತಾಯಿಮೀನುಗಳಿದ್ದರೆ ಹಲವು ಹಳ್ಳಿಗಳಿಗೆ ಮರಿ ಒದಗಿಸಬಹುದು. ವ್ಯಾಪಾರಕ್ಕೆ ಇದು ಅನುಕೂಲ, ತಳಿಗೆ ಅಪಾಯ. ಕೆಲವೇ ಜೋಡಿಗಳ ಮಕ್ಕಳನ್ನೇ ಮುಂದಿನ ವರ್ಷಗಳಲ್ಲಿ ತಾಯಿ ತಂದೆಯಾಗಿ ಇಟ್ಟುಕೊಂಡರೆ ಅಣ್ಣತಂಗಿಯರೇ ಕೂಡುತ್ತಾ ಹೋಗುತ್ತವೆ. ಇದನ್ನು ಒಳಸಂತಾನ ಎನ್ನೋಣ. ಮರೆಯಲ್ಲಿದ್ದ ದೋಷದ ವಂಶವಾಹಿಗಳು ಆಗ ಎರಡೂ ಕಡೆಯಿಂದ ಬಂದು ಸೇರಿ ಹೊರಬೀಳುತ್ತವೆ. ಬೆಳವಣಿಗೆ ತಗ್ಗುತ್ತದೆ, ಮರಿಗಳ ಸಾವು ಹೆಚ್ಚುತ್ತದೆ, ಅಂಗವಿಕಲ ಮರಿಗಳು ಕಾಣಿಸುತ್ತವೆ, ರೋಗ ತಡೆಯುವ ಶಕ್ತಿ ಕುಂದುತ್ತದೆ.

ಇದಕ್ಕೊಂದು ಸರಳ ಲೆಕ್ಕವಿದೆ. 25 ಹೆಣ್ಣು ಮತ್ತು 25 ಗಂಡುಗಳಿಂದ ಮರಿ ಮಾಡಿದರೆ ಪೀಳಿಗೆಗೆ ಶೇಕಡ 1ರಷ್ಟು ಒಳಸಂತಾನ ಹೆಚ್ಚುತ್ತದೆ. 5 ಹೆಣ್ಣು, 5 ಗಂಡು ಆದರೆ ಶೇಕಡ 5. 50 ಹೆಣ್ಣುಗಳಿದ್ದು ಗಂಡು ಎರಡೇ ಆದರೆ? ಕಣ್ಣಿಗೆ ಕಾಣುವುದು 52 ಮೀನು, ತಳಿಯ ಲೆಕ್ಕದಲ್ಲಿ ಅವು ಎಂಟಕ್ಕಿಂತ ಕಡಿಮೆ! ಒಳಸಂತಾನ ಶೇಕಡ 6.5ರಷ್ಟು ಏರುತ್ತದೆ. ಹೆಣ್ಣು ಎಷ್ಟೇ ಇರಲಿ, ಮರಿಗಳೆಲ್ಲ ಇಬ್ಬರು ತಂದೆಯರ ಮಕ್ಕಳೇ ಅಲ್ಲವೆ?

ಇದು ಬರೀ ಕಾಗದದ ಲೆಕ್ಕವಲ್ಲ. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಅವರು ನಮ್ಮ ಕರ್ನಾಟಕದ ಹ್ಯಾಚರಿಗಳನ್ನೇ ಪರಿಶೀಲಿಸಿ, 1985 ಮತ್ತು 1990ರಲ್ಲಿ ತಮ್ಮ ಲೇಖನಗಳನ್ನು ಪ್ರಕಟಿಸಿದರು. ಅವರ ಅಂದಾಜಿನಂತೆ ಈ ಹ್ಯಾಚರಿಗಳಲ್ಲಿ ಒಳಸಂತಾನದ ದರ ಶೇಕಡ 2ರಿಂದ 17ರವರೆಗೆ ಇತ್ತು. ಮೀನು ಸಾಕಣೆಯಲ್ಲಿ ತಳಿಯ ಎಚ್ಚರ ಬೇಕೆಂಬ ಮಾತಿಗೆ ಇಂದಿಗೂ ಉದಾಹರಿಸುವ ಅಧ್ಯಯನ ಇದು.

ಇನ್ನೊಂದು ತಪ್ಪು ಅರಿವಿಲ್ಲದೆ ನಡೆಯುತ್ತದೆ. ಬೇಗ ಬೆಳೆದ ದೊಡ್ಡ ಮೀನಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ, ಹಾಗಾಗಿ ಅದು ಮೊದಲು ಮಾರಾಟವಾಗುತ್ತದೆ. ಚುಚ್ಚುಮದ್ದಿನ ಪ್ರಮಾಣ ಮೀನಿನ ತೂಕಕ್ಕೆ ತಕ್ಕಂತೆ ಇರುವುದರಿಂದ ಸಣ್ಣ ಮೀನಿಗೆ ಖರ್ಚೂ ಕಡಿಮೆ. ಹೀಗೆ ಉಳಿದ ಸಣ್ಣದು ಮುಂದಿನ ಪೀಳಿಗೆಯ ತಾಯಿಯಾಗುತ್ತದೆ. ಯಾವ ರೈತನೂ ಜೊಳ್ಳು ಭತ್ತವನ್ನು ಬೀಜಕ್ಕೆ ಇಡುವುದಿಲ್ಲ. ಮೀನಿನಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತಾ ಬಂದಿದ್ದೇವೆ.

ಜಯಂತಿ ರೋಹು

ಹಾಗಾದರೆ ದೊಡ್ಡ ಮೀನನ್ನು ಆರಿಸಿ ತಾಯಿ ಮಾಡಿದರೆ ಸಾಕೆ? ಸಾಲದು. ಮೀನು ದೊಡ್ಡದಾಗಿರುವುದು ಒಳ್ಳೆಯ ತಳಿಯಿಂದಲೋ, ನಾಲ್ಕು ದಿನ ಮೊದಲು ಹುಟ್ಟಿ ಹೆಚ್ಚು ಮೇವು ಕಬಳಿಸಿದ್ದರಿಂದಲೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಇದನ್ನು ಬೇರ್ಪಡಿಸುವ ವಿಧಾನವನ್ನು ನಾರ್ವೆಯ ವಿಜ್ಞಾನಿಗಳು 1970ರ ದಶಕದಲ್ಲಿ ಸಾಲ್ಮನ್ ಮೀನಿನಲ್ಲಿ ಬೆಳೆಸಿದರು. ಅವರ ಸಹಕಾರದೊಂದಿಗೆ ಭುವನೇಶ್ವರದ ಕೌಸಲ್ಯಾಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1992ರಲ್ಲಿ ರೋಹುವಿನ ಮೇಲೆ ಕೆಲಸ ಆರಂಭಿಸಿತು.

ಮೊದಲು ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿ ಈ ಐದು ನದಿಗಳ ರೋಹುಗಳನ್ನು ಸಂಸ್ಥೆಯ ಮೀನಿನೊಡನೆ ಸೇರಿಸಿ ವೈವಿಧ್ಯದ ಬುನಾದಿ ಹಾಕಲಾಯಿತು. ಒಂದೊಂದು ಜೋಡಿಯ ಮರಿಗಳನ್ನು ಬೇರೆ ಬೇರೆಯಾಗಿ ಸಾಕಿ, ಸ್ವಲ್ಪ ಬೆಳೆದ ಮೇಲೆ ಪ್ರತಿ ಮರಿಯ ದೇಹದೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗುರುತಿನ ಚಿಪ್ ಇಡುತ್ತಾರೆ. ಆಮೇಲೆ ಎಲ್ಲ ಕುಟುಂಬಗಳ ಮರಿಗಳನ್ನೂ ಒಂದೇ ಕೊಳದಲ್ಲಿ, ಒಂದೇ ಮೇವಿನಲ್ಲಿ ಬೆಳೆಸುತ್ತಾರೆ. ತೂಗುವಾಗ ಚಿಪ್ ಓದಿದರೆ ಯಾವ ತಾಯಿ ತಂದೆಯ ಮಕ್ಕಳು ಮುಂದೆ ಎಂಬುದು ತಿಳಿಯುತ್ತದೆ. ನೀರು, ಮೇವು ಎರಡೂ ಒಂದೇ ಆದ್ದರಿಂದ ಉಳಿಯುವ ವ್ಯತ್ಯಾಸದಲ್ಲಿ ತಳಿಯ ಪಾಲು ಸ್ಪಷ್ಟವಾಗುತ್ತದೆ. ಉತ್ತಮ ಕುಟುಂಬಗಳ ಉತ್ತಮ ಮೀನುಗಳನ್ನು, ರಕ್ತಸಂಬಂಧ ತಪ್ಪಿಸಿ, ಮತ್ತೆ ಜೋಡಿ ಮಾಡುತ್ತಾರೆ.

ಹೀಗೆ ಪೀಳಿಗೆಗೆ ಸರಾಸರಿ ಶೇಕಡ 17ರಷ್ಟು ಬೆಳವಣಿಗೆ ಹೆಚ್ಚಿತು. ಇದು ಚಕ್ರಬಡ್ಡಿಯ ಹಾಗೆ, ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತಾ ಹೋಗುತ್ತದೆ. 1997ರಲ್ಲಿ, ಸ್ವಾತಂತ್ರ್ಯದ ಸುವರ್ಣ ಜಯಂತಿಯ ವರ್ಷ, ಬಿಡುಗಡೆಯಾದ್ದರಿಂದ ಈ ಮೀನಿಗೆ 'ಜಯಂತಿ ರೋಹು' ಎಂದು ಹೆಸರಾಯಿತು. ಬೇರೆ ಜೀವಿಯ ವಂಶವಾಹಿಯನ್ನು ಇದಕ್ಕೆ ಸೇರಿಸಿಲ್ಲ. ಬೀಜದ ಹೋರಿ ಆರಿಸುವ ನಮ್ಮ ಹಿರಿಯರ ಕ್ರಮವನ್ನೇ ಲೆಕ್ಕವಿಟ್ಟು ಮಾಡಿದ್ದು, ಅಷ್ಟೆ.

ರೋಗಕ್ಕೂ ತಳಿಗೂ

ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ಗೆಂಡೆ ಮೀನುಗಳಿಗೆ ಹುಣ್ಣು, ರಕ್ತಸ್ರಾವ ತಂದು ಕೊಲ್ಲುತ್ತದೆ. ಈ ರೋಗವನ್ನು ಕೆಲವು ಕುಟುಂಬಗಳು ಇತರ ಕುಟುಂಬಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಅದನ್ನು ತಿಳಿಯಲು ಪ್ರತಿ ಕುಟುಂಬದ ಕೆಲವು ಮರಿಗಳಿಗೆ ಪ್ರಯೋಗಾಲಯದಲ್ಲಿ ಸೋಂಕು ತಗುಲಿಸಿ ಎಷ್ಟು ಉಳಿದವು ಎಂದು ನೋಡುತ್ತಾರೆ. ಸೋಂಕು ತಗುಲಿದವನ್ನು ತಳಿಗೆ ಬಳಸುವುದಿಲ್ಲ. ಹೆಚ್ಚು ಉಳಿದ ಕುಟುಂಬಗಳ ಆರೋಗ್ಯವಂತ ಒಡಹುಟ್ಟುಗಳನ್ನು ಆರಿಸುತ್ತಾರೆ. ಔಷಧಿ ಸುರಿಯುವ ಖರ್ಚನ್ನು ತಳಿಯಿಂದಲೇ ಇಳಿಸುವ ದಾರಿ ಇದು.

ನಮ್ಮ ಕೆರೆಯ ಸಾಮಾನ್ಯ ಗೆಂಡೆಯ ಕಷ್ಟ ಬೇರೆ. ಅದು ವರ್ಷ ತುಂಬುವ ಮೊದಲೇ ಪ್ರಾಯಕ್ಕೆ ಬಂದು, ತಿಂದದ್ದನ್ನು ಮೈಗೆ ಹಾಕಿಕೊಳ್ಳದೆ ಮೊಟ್ಟೆಗೆ ಹಾಕುತ್ತದೆ. ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹಂಗೇರಿಯಿಂದ ತರಿಸಿದ ಅಮೂರ್ ತಳಿಯನ್ನು ಇಲ್ಲಿ ಪರೀಕ್ಷಿಸಿ ಒದಗಿಸಿದ್ದು ಇದೇ ಕಾರಣಕ್ಕೆ. ತಡವಾಗಿ ಪ್ರಾಯಕ್ಕೆ ಬರುವ ಇದು ಬೇಗ ತೂಕ ಕಟ್ಟುತ್ತದೆ.

ಕೊಳ್ಳುವಾಗ ಕೇಳಿ

ಸುಧಾರಿತ ತಳಿ ಮಂತ್ರದಂಡವಲ್ಲ. ನೀರು, ಮೇವು ಕೆಟ್ಟರೆ ಜಯಂತಿಯೂ ಸೊರಗುತ್ತದೆ. ಹ್ಯಾಚರಿಯವರು ಒಮ್ಮೆ ತಂದ ತಳಿಯನ್ನೇ ತಮ್ಮಲ್ಲಿ ವರ್ಷಾನುಗಟ್ಟಲೆ ಕೂಡಿಸುತ್ತಾ ಹೋದರೆ ಗಳಿಸಿದ ಲಾಭ ಕರಗುತ್ತದೆ. ಆದ್ದರಿಂದ ಮರಿ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ತಾಯಿಮೀನು ಎಲ್ಲಿಂದ ಬಂತು? ಹೆಣ್ಣು ಗಂಡು ಎಷ್ಟೆಷ್ಟು? ಹೊಸ ತಾಯಿಮೀನು ತಂದು ಎಷ್ಟು ವರ್ಷವಾಯಿತು? ರೋಹು ಕಾಟ್ಲಾಗಳನ್ನು ಒಂದೇ ತೊಟ್ಟಿಯಲ್ಲಿ ಕೂಡಿಸುತ್ತೀರಾ? ಹಾಗೆ ಕೂಡಿಸಿದರೆ ಮಿಶ್ರತಳಿ ಹುಟ್ಟಿ ಎರಡೂ ಕೆಡುತ್ತವೆ.

ಆ ಹಿರಿಯರನ್ನು, ಮರಿ ಎಲ್ಲಿಂದ ತರುತ್ತೀರಿ ಎಂದು ನಾನು ಕೇಳಿದ್ದೆ. "ಮೊದಲಿಂದಲೂ ಒಂದೇ ಕಡೆಯಿಂದ, ಅವರು ಪರಿಚಯದವರು" ಎಂದರು. ಪರಿಚಯ ಒಳ್ಳೆಯದೇ. ಮುಂದಿನ ಮಳೆಗಾಲಕ್ಕೆ ಮರಿ ತರುವ ಮೊದಲು, ಮಾರುವವರ ಜೊತೆಗೆ ಆ ಮರಿಯ ತಾಯಿ ತಂದೆಯ ಪರಿಚಯವನ್ನೂ ಮಾಡಿಕೊಳ್ಳಿ ಎಂದು ಅವರಿಗೆ ಹೇಳಿ ಬಂದೆ. ತಮಗೂ ಹೇಳುವುದು ಅದನ್ನೇ.