ಮಧುಮೇಹ ಮತ್ತು ಮನಸ್ಸು

ಸುವರ್ಣ ಮಹೋತ್ಸವದ ಶುಭಾವಸರದಲ್ಲಿ ಕಾಯಿಲೆಯ ಮಾತೇಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಮೊದಲ ತಂಡದ ಮಕ್ಕಳು ಈಗ ಅರವತ್ತರ ಸಮೀಪದಲ್ಲಿದ್ದಾರೆ. ದಾರಿಯಲ್ಲಿ ಸಿಕ್ಕಾಗ ಕುಶಲಪ್ರಶ್ನೆಯ ಬೆನ್ನಿಗೇ ‘ಮಾಸ್ಟ್ರೇ, ಶುಗರ್ ಎಷ್ಟುಂಟು?’ ಎನ್ನುತ್ತಾರೆ. ಮನಸ್ಸು ಹೇಗಿದೆಯೆಂದು ಕೇಳುವವರು ವಿರಳ. ಇವೆರಡಕ್ಕೂ ಇರುವ ನಂಟನ್ನು ತಿಳಿಸುವುದೇ ಈ ಕಿರುಲೇಖನದ ಉದ್ದೇಶ.

ದೀರ್ಘಕಾಲದ ದುಃಖವು ಮಧುಮೇಹಕ್ಕೆ ಕಾರಣವಾಗಬಹುದೆಂದು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಭಾವಿಸಿದ್ದನು. ಕಾರಣಗಳು ಅನೇಕವೆಂದು ಇಂದು ತಿಳಿದಿದೆಯಾದರೂ ಅವನ ಊಹೆ ಪೂರ್ಣ ಸುಳ್ಳಲ್ಲ. ಚಿಂತೆ, ಭಯಗಳಿಂದ ಮನಸ್ಸು ಕುದಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಅಧಿಕವಾಗಿ ಸ್ರವಿಸುತ್ತವೆ. ಅವುಗಳ ಪ್ರೇರಣೆಯಿಂದ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ; ಇನ್ಸುಲಿನ್ನಿನ ಪ್ರಭಾವವೂ ಕುಗ್ಗುತ್ತದೆ. ಆದುದರಿಂದ ಪಥ್ಯ ತಪ್ಪದಿದ್ದರೂ ಸಕ್ಕರೆ ಏರಬಹುದು.

ರೋಗವೂ ಮನಸ್ಸನ್ನು ಬಾಧಿಸುತ್ತದೆ. ನಿತ್ಯದ ಪಥ್ಯ, ಸೂಜಿ, ಕಣ್ಣು–ಮೂತ್ರಪಿಂಡಗಳು ಕೆಟ್ಟಾವೆಂಬ ಅಂಜಿಕೆ – ಇವು ಮನುಷ್ಯನನ್ನು ಬಳಲಿಸುತ್ತವೆ. ಇತರರಿಗಿಂತ ಮಧುಮೇಹಿಗಳಲ್ಲಿ ಖಿನ್ನತೆಯು ಸುಮಾರು ಇಮ್ಮಡಿಯೆಂದು ಅಧ್ಯಯನಗಳು ತಿಳಿಸುತ್ತವೆ. ಖಿನ್ನನಾದವನು ನಡಿಗೆ, ಔಷಧಗಳನ್ನು ಕಡೆಗಣಿಸುತ್ತಾನೆ. ಸಕ್ಕರೆ ಮತ್ತಷ್ಟು ಏರುತ್ತದೆ.

ಇದು ನನ್ನ ಅನುಭವವೂ ಹೌದು. ಪತ್ನಿಯ ನಿಧನಾನಂತರ ನಾನು ಮಾತ್ರೆಗಳನ್ನು ಮುಟ್ಟದೆ ತಿಂಗಳುಗಳನ್ನು ಕಳೆದೆನು. ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರು. ನುಂಗದ ಮಾತ್ರೆಗೆ ಪ್ರಮಾಣವೆಲ್ಲಿಯದು! ಸಕ್ಕರೆಯ ಅಂಕಿಯನ್ನು ಮಲಯಾಳದಲ್ಲಿ ಹೇಳಬಲ್ಲೆನು. ದುಃಖವನ್ನು ಹೇಳಲು ನನಗೆ ಕನ್ನಡವೇ ಬೇಕಾಗಿತ್ತು. ನನ್ನ ಹಳೆ ವಿದ್ಯಾರ್ಥಿನಿಯಾದ ದಾದಿಯೊಬ್ಬಳು ‘ಮಾಸ್ಟ್ರೇ, ರಾತ್ರಿ ನಿದ್ರೆ ಬರ್ತದಾ?’ ಎಂದು ಕೇಳಿದ ದಿನ ಬಾಯಿಬಿಟ್ಟೆನು. ಚಿಕಿತ್ಸೆ ನಿಜವಾಗಿ ಆರಂಭವಾದುದು ಅಂದೇ.

ಮನೆಯವರು ಗಮನಿಸಬೇಕಾದ ಅಂಶಗಳೆರಡು. ಮಧುಮೇಹಿಯು ಹಠಾತ್ತನೆ ಬೆವರಿ, ನಡುಗಿ, ಅಕಾರಣ ಸಿಡುಕಿದರೆ ಅದು ಸ್ವಭಾವದೋಷವಾಗಿರದೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದುದರ ಸೂಚನೆಯಾಗಿರಬಹುದು. ಕೂಡಲೇ ಪರೀಕ್ಷಿಸಿ, ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದಾಗಿ, ನಿರುತ್ಸಾಹ, ನಿದ್ರಾಹೀನತೆ, ಬದುಕು ಬೇಡವೆನ್ನುವ ಮಾತು ಎರಡು ವಾರ ಮುಂದುವರಿದರೆ ವಯೋಸಹಜವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಖಿನ್ನತೆಗೆ ಚಿಕಿತ್ಸೆಯುಂಟು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೂ ಮಾತನಾಡಬಹುದು.

ನಮ್ಮ ಶಾಲೆಯು ಐವತ್ತು ವರ್ಷ ಕಾಪಾಡಿಕೊಂಡು ಬಂದ ನುಡಿಯು ಪರೀಕ್ಷೆಗಷ್ಟೇ ಅಲ್ಲ, ನೋವನ್ನು ಹೇಳಿಕೊಳ್ಳುವುದಕ್ಕೂ ಬೇಕು. ಹಳೆ ವಿದ್ಯಾರ್ಥಿಗಳೇ, ಮುಂದೆ ಸಿಕ್ಕಾಗ ಸಕ್ಕರೆಯ ಜೊತೆಗೆ ಮನಸ್ಸನ್ನೂ ವಿಚಾರಿಸಿರಿ.