ಗೋಡೆಯ ಒಡಲು

ವಾಸ್ತುಶಿಲ್ಪವನ್ನು ಮೆಚ್ಚುವವರು ಬಹುಮಟ್ಟಿಗೆ ಕಟ್ಟಡದ ಮುಖವನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಉದಗೀರದ ಕೋಟೆಯಲ್ಲಿ ಕಂದಕ ಬುರುಜುಗಳನ್ನು ಕಂಡು, 1760ರಲ್ಲಿ ಸದಾಶಿವರಾವ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ ವೃತ್ತಾಂತವನ್ನು ಕೇಳಿದರೆ ಅವರಿಗೆ ತೃಪ್ತಿ. ಗೋಡೆಯು ಹೇಗೆ ನಿಂತಿದೆಯೆಂಬ ಪ್ರಶ್ನೆಯು ನಮ್ಮ ಸೀಮೆಯವರಿಗಾದರೋ ಬರಿಯ ರಸಿಕತೆಯ ವಿಷಯವಲ್ಲ.

ನಿಲಂಗೆಯ ನೀಲಕಂಠೇಶ್ವರ ದೇವಾಲಯವು ಚಾಲುಕ್ಯ ಶೈಲಿಯ ತ್ರಿಕೂಟ. ಒಂದೇ ಮಂಟಪಕ್ಕೆ ಮೂರು ಗರ್ಭಗೃಹಗಳು. ಕಲ್ಲನ್ನು ಕೆತ್ತಿ, ಮುಖ ತಿದ್ದಿ, ಒಂದಕ್ಕೊಂದು ಹೊಂದಿಸಿದ ಕೆಲಸವದು. ನಮ್ಮ ಹಳೆಯ ಮಾಳಿಗೆ ಮನೆಗಳ ಗೋಡೆಯೂ ಕಲ್ಲಿನದೇ, ದಪ್ಪವೂ ಬಹಳ. ಆದರೆ ಅದರ ಒಳಮೈ ಹೊರಮೈಗಳು ಬೇರೆ ಬೇರೆ. ನಡುವೆ ಮಣ್ಣು, ಚೂರುಗಲ್ಲು. ಎರಡನ್ನೂ ಹಿಡಿದಿಡುವ ಉದ್ದಗಲ್ಲಿಲ್ಲ. ಮೇಲೆ ಬೇಸಗೆಯ ಕಾವನ್ನು ತಡೆಯುವ, ಆದರೆ ಬಹು ಭಾರವಾದ ಮಣ್ಣಿನ ಮಾಳಿಗೆ.

1993ರ ಸೆಪ್ಟೆಂಬರ್ 30ರಂದು, ನಸುಕಿನ 4 ಗಂಟೆಗೆ ತುಸು ಮುಂಚೆ, ಕಿಲ್ಲಾರಿಯ ಭೂಕಂಪವು ಔಸಾ, ಉಮರ್ಗಾ ಭಾಗದ ಹಳ್ಳಿಗಳನ್ನು ನೆಲಸಮ ಮಾಡಿತು. ಮಡಿದವರು 8,000ದಿಂದ 10,000 ಜನ. ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿತು. ಮರದ ಕಂಬತೊಲೆಗಳ ಚೌಕಟ್ಟು ಮಾತ್ರ ನಿಂತೇ ಇತ್ತು! ಜನರು ಕಲ್ಲನ್ನೇ ಶಪಿಸಿದರು. ದೋಷವು ಕಲ್ಲಿನದಲ್ಲ, ಕಟ್ಟಿದ ಬಗೆಯದು.

ಮಿಲಾನ್ ನಗರದಲ್ಲಿ 2014ರಲ್ಲಿ ಮುಗಿದ, ಗಿಡಮರಗಳನ್ನು ಹೊತ್ತ ಜೋಡಿ ಗೋಪುರಗಳನ್ನು ಲೋಕವು ಹೊಗಳುತ್ತಿದೆ, ಹೊಗಳಲಿ. ತಂಪಿನಲ್ಲಿ ನಮ್ಮ ಮಾಳಿಗೆಯೂ ಕಡಿಮೆಯದಲ್ಲ. ಕಲ್ಲುಮನೆ ಕಟ್ಟಿಸುವವರು ಗೌಂಡಿಯಿಂದ ಕೇಳಿ ಮಾಡಿಸಬೇಕಾದುದಿಷ್ಟು: ಉದ್ದಕ್ಕೆ 4 ಅಡಿಗೊಂದು, ಎತ್ತರಕ್ಕೆ 2 ಅಡಿಗೊಂದು, ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಕಲ್ಲು, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ. ಹಳೆಯ ಗೋಡೆಗೂ ಅಲ್ಲಲ್ಲಿ ರಂಧ್ರ ಮಾಡಿ, ಕಬ್ಬಿಣವಿಟ್ಟು, ಕಾಂಕ್ರೀಟು ತುಂಬಿ ಎರಡು ಮೈಗಳನ್ನೂ ಬಿಗಿಯಬಹುದು.